ಇಲಿಮನೆಯ ತಮ್ಮನ ರಕ್ತ

ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಅವಳನ್ನು ಭೂತಗನ್ನಡಿ ಎಂದು ಕರೆಯುತ್ತಿದ್ದರು. ಎದುರಿಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಆದರೆ ಬೆನ್ನ ಹಿಂದೆ ಆಡಿದ್ದು ಕಿವಿಗೆ ಬೀಳದಿದ್ದರೆ ಅವಳು ಭೂತಗನ್ನಡಿ ಹೇಗಾದಾಳು? ಹೆಸರೂ ಗೊತ್ತಿತ್ತು, ಇಟ್ಟವರು ಯಾರೆಂಬುದೂ ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಇನ್ನೊಬ್ಬರು ತೊಳೆದಿಟ್ಟ ಲೋಟವನ್ನು ಬೆಳಕಿಗೆ ಹಿಡಿದು ನೋಡದೆ ಅವಳು ನೀರು ಕುಡಿದವಳಲ್ಲ. ಹಾಲನ್ನು ಕಾಯಿಸುವ ಮೊದಲು ಮೂಸುತ್ತಿದ್ದಳು, ಕಾಯಿಸಿದ ಮೇಲೂ ಮೂಸುತ್ತಿದ್ದಳು. ಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಇನ್ನೊಮ್ಮೆ ಎಳೆದು ನೋಡುತ್ತಿದ್ದಳು. ಯಾರಾದರೂ 'ಚೆನ್ನಾಗಿದ್ದೀರಾ?' ಎಂದು ವಿಚಾರಿಸಿದರೆ, ಇವರಿಗೆ ನನ್ನಿಂದ ಏನಾಗಬೇಕಾಗಿದೆ ಎಂಬುದೇ ಅವಳ ಮನಸ್ಸಿಗೆ ಮೊದಲು ಬರುತ್ತಿದ್ದದ್ದು.

ಮದುವೆಯಾಗಲಿಲ್ಲ. ನೋಡಲು ಬಂದ ಗಂಡುಗಳಲ್ಲಿ ಒಬ್ಬನನ್ನೂ ಅವಳು ನಂಬಲಿಲ್ಲ. ಅವಳ ಪ್ರಶ್ನೆಗಳನ್ನು ಅವರಲ್ಲಿ ಒಬ್ಬನೂ ತಾಳಲಿಲ್ಲ.

ಈ ಗುಣ ಹುಟ್ಟಿನಿಂದ ಬಂದದ್ದೆಂದು ನೆಂಟರು ಹೇಳುತ್ತಿದ್ದರು. ಅದು ಸುಳ್ಳು. ಅವಳ ಅಪ್ಪ ಕುಡಿಯುತ್ತಿದ್ದ. ಬಾಟಲಿಯನ್ನು ಅಕ್ಕಿ ಡಬ್ಬದಲ್ಲಿ, ಫ್ಲಶ್ ತೊಟ್ಟಿಯಲ್ಲಿ, ಒಮ್ಮೆ ಮಗಳ ಶಾಲೆಯ ಚೀಲದಲ್ಲಿ ಬಚ್ಚಿಟ್ಟಿದ್ದ. ಕುಡಿದದ್ದಕ್ಕಿಂತ ಅವಳ ಮನಸ್ಸಿನಲ್ಲಿ ಉಳಿದದ್ದು ಅಮ್ಮ. ಯಾರು ಬಾಗಿಲಿಗೆ ಬಂದು ಕೇಳಿದರೂ, ಕೇಳಿದವರ ಮಾತು ಮುಗಿಯುವ ಮೊದಲೇ ಅಮ್ಮನ ಉತ್ತರ ಬರುತ್ತಿತ್ತು: 'ಇಲ್ಲ ಇಲ್ಲ, ಇವತ್ತು ಮುಟ್ಟಿಲ್ಲ.' ಒಳಗೆ ಅಪ್ಪ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದ. ಕೊನೆಯ ತಿಂಗಳುಗಳಲ್ಲಿ ಅವನ ಕಣ್ಣು ಹಳದಿಯಾಯಿತು, ಹೊಟ್ಟೆ ಉಬ್ಬಿತು, ಮೈಯೆಲ್ಲ ತುರಿಕೆ ಹತ್ತಿ ಬೆನ್ನನ್ನು ಬಾಗಿಲ ಚೌಕಟ್ಟಿಗೆ ಉಜ್ಜುತ್ತಿದ್ದ. ಆಗಲೂ ಅಮ್ಮ 'ಮುಟ್ಟಿಲ್ಲ' ಎಂದೇ ಹೇಳುತ್ತಿದ್ದಳು. ಒಬ್ಬರ ಪರವಾಗಿ ಇನ್ನೊಬ್ಬರು ಕೊಡುವ ಮಾತಿಗೆ ಬೆಲೆ ಎಷ್ಟೆಂಬುದನ್ನು ಮಗಳು ಆ ಬಾಗಿಲ ಬಳಿ ನಿಂತೇ ಕಲಿತಳು. ದೊಡ್ಡವಳಾದ ಮೇಲೆ ಯಾರ ಪರವಾಗಿಯೂ ಮಾತು ಕೊಡಲಿಲ್ಲ.

ತಮ್ಮ ಅಪ್ಪನ ದಾರಿಯನ್ನೇ ಹಿಡಿದ. ವ್ಯಾನ್ ಓಡಿಸುತ್ತಿದ್ದವನು ಕುಡಿದು ಓಡಿಸಿ ಲೈಸೆನ್ಸ್ ಕಳೆದುಕೊಂಡ. ಅವನ ಹೆಂಡತಿ ಮಗಳನ್ನು ಕರೆದುಕೊಂಡು ಪಕ್ಕದ ಊರಿನ ತಾಯಿಮನೆಗೆ ಹೋಗಿ ಹೊಲಿಗೆ ಯಂತ್ರ ಹಾಕಿಕೊಂಡಳು. ಇವನು ಅಕ್ಕನ ಮನೆಗೆ ಬಂದ. ಆಸ್ಪತ್ರೆಯ ಆವರಣದ ಕೊನೆಯಲ್ಲಿ ಪ್ರಯೋಗಗಳಿಗಾಗಿ ಬಿಳಿ ಇಲಿಗಳನ್ನು ಸಾಕುವ ಕಟ್ಟಡವಿತ್ತು. ಎಲ್ಲರೂ ಅದನ್ನು ಇಲಿಮನೆ ಎನ್ನುತ್ತಿದ್ದರು. ಅಲ್ಲಿ ಗೂಡು ತೊಳೆಯುವ, ಮೇವು ನೀರು ಹಾಕುವ ಕೆಲಸಕ್ಕೆ ಅಕ್ಕ ಅವನನ್ನು ಸೇರಿಸಿದಳು. ಸೇರಿಸುವಾಗಲೂ ಮೇಲ್ವಿಚಾರಕನಿಗೆ 'ಇವನು ಕುಡಿಯುವುದಿಲ್ಲ' ಎಂದು ಹೇಳಲಿಲ್ಲ. 'ಕುಡಿದರೆ ನಿಮಗಿಂತ ಮೊದಲು ನಾನೇ ಹೊರಗೆ ಹಾಕುತ್ತೇನೆ' ಎಂದಳು.

ಎರಡು ವರ್ಷ ಕಳೆಯಿತು. ತಮ್ಮ ಕುಡಿದದ್ದು ಅವಳ ಕಣ್ಣಿಗೆ ಬೀಳಲಿಲ್ಲ. ಅವನ ಹೆಂಡತಿಗೆ ಸುದ್ದಿ ಮುಟ್ಟಿತ್ತು. ಮರಳಿ ಬರುವ ವಿಷಯ ಬಂದಾಗ ಅವಳು ಒಂದೇ ಮಾತು ಹೇಳಿ ಕಳುಹಿಸಿದ್ದಳು: ಅವರ ಆಣೆ ಪ್ರಮಾಣ ನನಗೆ ಬೇಡ, ಅತ್ತಿಗೆ ಬಾಯಲ್ಲಿ ಬರಲಿ, ಅತ್ತಿಗೆ ಯಾರನ್ನೂ ನಂಬುವವರಲ್ಲ, ಅವರು ನಂಬಿದರೆ ನಾನೂ ನಂಬುತ್ತೇನೆ. ಮಗಳ ಶಾಲೆಗೆ ರಜೆ ಬಂದಾಗ ಹೊರಡುವುದೆಂದು ಮಾತಾಗಿತ್ತು. ಅಂದರೆ ತಮ್ಮನ ಸಂಸಾರ ಮತ್ತೆ ಒಂದಾಗುವುದು ಅಕ್ಕನ ಒಂದು ಮಾತಿನ ಮೇಲೆ ನಿಂತಿತ್ತು. ಜೀವನದಲ್ಲಿ ಕೊಡದ ಮಾತನ್ನು ಈ ಸಲ ಕೊಡಬಹುದೇನೋ ಎಂದು ಭೂತಗನ್ನಡಿ ಮೆಲ್ಲಗೆ ಮನಸ್ಸು ಮಾಡುತ್ತಿದ್ದಳು. ಅಷ್ಟರಲ್ಲಿ ನಲವತ್ತೊಂದನೇ ಸೀಸೆ ಬಂತು.

ಅವಳ ಕೆಲಸವೇನೆಂದು ಇಲ್ಲಿ ಹೇಳಬೇಕು. ರಕ್ತದಲ್ಲಿ ಕೊಲೆಸ್ಟರಾಲ್ ಒಂಟಿಯಾಗಿ ಓಡಾಡುವುದಿಲ್ಲ, ಎಣ್ಣೆಹನಿಯಂಥ ಸಣ್ಣ ಕಣಗಳಲ್ಲಿ ಕುಳಿತು ಸಾಗುತ್ತದೆ. ಗಾಳಿಗೆ ಬಿಟ್ಟ ಎಣ್ಣೆ ಕಮಟುವ ಹಾಗೆ ಈ ಕಣಗಳೂ ಮೈಯೊಳಗೆ ಕಮಟುತ್ತವೆ. ಯಕೃತ್ತು ಕೆಟ್ಟವರಲ್ಲಿ ಕಮಟಿದ ಕಣಗಳು ಹೆಚ್ಚು. ಸ್ಕ್ಯಾನಿನಲ್ಲಿ ಏನೂ ಕಾಣಿಸದ ಕಾಲದಲ್ಲೇ ಅವು ಹೆಚ್ಚತೊಡಗಿರಬಹುದು ಎಂಬುದು ಈ ಸಂಶೋಧನೆ ನಡೆಸುತ್ತಿದ್ದ ಡಾಕ್ಟರಮ್ಮನ ಊಹೆ. ಆ ಊಹೆ ನಿಜವೋ ಸುಳ್ಳೋ ಎಂದು ಅಳೆದು ಕೊಡುವುದು ಭೂತಗನ್ನಡಿಯ ಪಾಲಿಗೆ ಬಂದಿತ್ತು.

ಅಳೆಯುವ ಉಪಾಯ ಪ್ರತಿಕಾಯದ್ದು. ಮೈಗೆ ಸೇರದ ಅನ್ಯವಸ್ತುವನ್ನು ಗುರುತಿಸಿ ಹಿಡಿಯಲು ದೇಹ ಮಾಡಿಕೊಳ್ಳುವ ವಸ್ತುವೇ ಪ್ರತಿಕಾಯ. ಕಮಟಿದ ಕಣವನ್ನು ಮಾತ್ರ ಹಿಡಿದು ಒಳ್ಳೆಯದನ್ನು ಬಿಟ್ಟುಬಿಡುವಂಥ ಪ್ರತಿಕಾಯವನ್ನು ಇಲಿಯ ಜೀವಕೋಶಗಳಿಂದ ತಯಾರಿಸಿ ಸೀಸೆಗಳಲ್ಲಿ ಮಾರುತ್ತಾರೆ. ಅಂಗೈಯಗಲದ ಪ್ಲಾಸ್ಟಿಕ್ ಪ್ಲೇಟಿನ ತುಂಬ ಸಣ್ಣ ಗುಳಿಗಳು; ಪ್ರತಿ ಗುಳಿಯ ತಳಕ್ಕೂ ಆ ಪ್ರತಿಕಾಯ ಅಂಟಿರುತ್ತದೆ. ಅದರ ಮೇಲೆ ರಕ್ತದ ತಿಳಿಯನ್ನು, ಅಂದರೆ ಹೆಪ್ಪುಗಟ್ಟಿದ ರಕ್ತದ ಮೇಲೆ ನಿಲ್ಲುವ ನೀರನ್ನು, ಬಿಟ್ಟರೆ ಕಮಟಿದ ಕಣ ಸಿಕ್ಕಿಬೀಳುತ್ತದೆ, ಮಿಕ್ಕದ್ದನ್ನು ತೊಳೆದು ಚೆಲ್ಲಬೇಕು. ಆಮೇಲೆ ಇನ್ನೊಂದು ಪ್ರತಿಕಾಯವನ್ನು ಬಿಡಬೇಕು. ಅದೂ ಇಲಿಯದೇ. ಅದು ಸಿಕ್ಕಿಬಿದ್ದ ಕಣದ ಬೆನ್ನೇರಿ ಕುಳಿತು ಬಣ್ಣ ಹುಟ್ಟಿಸುತ್ತದೆ. ಮೊದಲು ನೀಲಿ, ಆಮ್ಲದ ಹನಿ ಬಿದ್ದೊಡನೆ ಹಳದಿ. ಹಳದಿ ಗಾಢವಾದಷ್ಟೂ ಕಮಟು ಹೆಚ್ಚು. ಒಬ್ಬ ಹಿಡಿಯುವವನು, ಒಬ್ಬ ತೋರಿಸುವವನು. ಇಬ್ಬರೂ ಒಪ್ಪಿದರೆ ಮಾತ್ರ ಕಳ್ಳ. ಲೋಕದಲ್ಲಿ ಭೂತಗನ್ನಡಿ ಪೂರ್ತಿಯಾಗಿ ನಂಬಿದ್ದ ವಸ್ತು ಇದೊಂದೇ, ಏಕೆಂದರೆ ಇದೂ ಅವಳಂತೆಯೇ ಒಬ್ಬರ ಮಾತನ್ನು ನೆಚ್ಚುತ್ತಿರಲಿಲ್ಲ.

ರೋಗಿಗಳ ರಕ್ತದ ಜೊತೆಗೆ ಹೋಲಿಸಲು ಆರೋಗ್ಯವಂತರ ರಕ್ತವೂ ಬೇಕಾಗಿತ್ತು. ಆವರಣದ ಗುಮಾಸ್ತರು, ಕಾವಲಿನವರು, ಇಲಿಮನೆಯವರು ಎಲ್ಲರೂ ಕೊಟ್ಟರು. ಸೀಸೆಗಳ ಮೇಲೆ ಹೆಸರಿಲ್ಲ, ಬರೀ ಸಂಖ್ಯೆ. ಯಾವ ಸಂಖ್ಯೆ ಯಾರದೆಂಬುದು ಡಾಕ್ಟರಮ್ಮನಿಗೊಬ್ಬಳಿಗೇ ಗೊತ್ತು. ಅಳೆಯುವ ಕೈಗೆ ಮುಖ ಗೊತ್ತಿರಬಾರದೆಂಬ ನಿಯಮ ಭೂತಗನ್ನಡಿಗೆ ಬಹಳ ಇಷ್ಟವಾದದ್ದು.

ಆ ದಿನ ಆರೋಗ್ಯವಂತರ ಸಾಲುಗಳೆಲ್ಲ ಹುಲ್ಲು ತೊಳೆದ ನೀರಿನಂತೆ ತೆಳು ಹಳದಿಯಾಗಿದ್ದವು. ನಡುವೆ ನಲವತ್ತೊಂದು ಮಾತ್ರ ಚೆಂಡುಹೂವಿನ ಹಾಗೆ ಉರಿಯುತ್ತಿತ್ತು. ಹೊಟ್ಟೆಯಲ್ಲಿ ನೀರು ತುಂಬಿ ವಾರ್ಡಿನಲ್ಲಿ ಮಲಗಿದ್ದವರ ರಕ್ತಕ್ಕೂ ಆ ಬಣ್ಣವಿರಲಿಲ್ಲ. ಅವಳು ಮೊದಲು ಸೀಸೆಯನ್ನು ಅನುಮಾನಿಸಿದಳು. ಚೀಟಿ ಅದಲುಬದಲಾಗಿರಬೇಕು, ಆಗಿರಲಿಲ್ಲ. ರಕ್ತ ತೆಗೆದವನು ಬಿಸಿಲಲ್ಲಿಟ್ಟು ಮರೆತಿರಬೇಕು, ಹೊರಗೇ ಕಮಟಿರಬೇಕು. ಫ್ರೀಜರಿನಿಂದ ಅದೇ ರಕ್ತದ ಇನ್ನೊಂದು ಸೀಸೆ ತೆಗೆದು ಮತ್ತೆ ಮಾಡಿದಳು. ಅದೇ ಬಣ್ಣ. ಫಲಿತಾಂಶವನ್ನು ಒಪ್ಪಿಸಿದಾಗ ಡಾಕ್ಟರಮ್ಮ ತನ್ನ ಪಟ್ಟಿ ನೋಡಿ ಹುಬ್ಬೇರಿಸಿದಳು. ಆರೋಗ್ಯವಂತನೆಂದು ಸುಳ್ಳು ಹೇಳಿ ಬಂದ ಯಾವನೋ ಕುಡುಕ ಎಂದು ಭೂತಗನ್ನಡಿ ತೀರ್ಮಾನಿಸಿ ಕೈ ತೊಳೆದುಕೊಂಡಳು.

ಸಂಜೆ ಊಟಕ್ಕೆ ಕೂತಾಗ ತಮ್ಮ ತಟ್ಟೆಯ ಮೇಲಿನಿಂದ ಕಣ್ಣೆತ್ತದೆ ಹೇಳಿದ.

"ಅಕ್ಕ, ಡಾಕ್ಟರಮ್ಮ ಕರೆಸಿದ್ರು. ಲಿವರ್ ಸ್ಕ್ಯಾನ್ ಮಾಡಿಸ್ಕೋ ಅಂದ್ರು. ಸುಮ್ನೆ, ಎಲ್ಲರಿಗೂ ಮಾಡಿಸ್ತಾರಂತೆ."

ಎಲ್ಲರಿಗೂ ಮಾಡಿಸುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಹಾಗಾದರೆ ನಲವತ್ತೊಂದು ಇವನೇ. ತಮ್ಮ ಎಡಗೈಯಿಂದ ಬಲ ಮುಂಗೈಯನ್ನು ಕೆರೆದುಕೊಳ್ಳುತ್ತಿದ್ದ. ಎಷ್ಟು ದಿನದಿಂದ ಕೆರೆದುಕೊಳ್ಳುತ್ತಿದ್ದಾನೆ? ನೆನಪು ಮಾಡಿಕೊಂಡಳು; ಬಹಳ ದಿನದಿಂದ. ಅವಳ ಕಣ್ಣ ಮುಂದೆ ಬಾಗಿಲ ಚೌಕಟ್ಟು ಬಂತು, ಅದಕ್ಕೆ ಬೆನ್ನುಜ್ಜುತ್ತಿದ್ದ ಅಪ್ಪ ಬಂದ.

ಮರುದಿನ ಬೆಳಿಗ್ಗೆ ತಮ್ಮನ ಹೆಂಡತಿಗೆ ಫೋನ್ ಮಾಡಿದಳು. ಈಗಲೇ ಬರಬೇಡ, ಸ್ವಲ್ಪ ತಡಿ, ಎಂದಳು. ಯಾಕೆ ಅತ್ತಿಗೆ ಎಂದು ಆ ಕಡೆಯಿಂದ ಕೇಳಿತು. ತಡಿ ಅಂದೆನಲ್ಲ, ಎಂದಳು. ಹೊಲಿಗೆ ಯಂತ್ರದ ಸದ್ದು ನಿಂತದ್ದು ಮಾತ್ರ ಕೇಳಿಸಿತು. ತಮ್ಮನಿಗೆ ಅವಳು ಇದನ್ನು ತಿಳಿಸಲಿಲ್ಲ.

ಸ್ಕ್ಯಾನ್ ಆಯಿತು. ತಮ್ಮ ಕಾಗದವನ್ನು ಬೀಸಿಕೊಂಡು ಬಂದ. ಯಕೃತ್ತಿನಲ್ಲಿ ಕೊಬ್ಬಿಲ್ಲ, ಕಲೆಯಿಲ್ಲ, ಊತವಿಲ್ಲ. ಲಿವರ್ ಮಗುವಿನ ಕೆನ್ನೆ ಹಾಗಿದೆಯಂತೆ ಎಂದು ಅವನ ಖುಷಿ. ಭೂತಗನ್ನಡಿ ಕಾಗದವನ್ನು ಎರಡು ಸಲ ಓದಿ ಮಡಿಸಿ ಕೊಟ್ಟಳು. ಸ್ಕ್ಯಾನಿನಲ್ಲಿ ಕಾಣುವ ಮೊದಲೇ ಕಣಗಳು ಕಮಟುತ್ತವೆಂಬುದೇ ಅಲ್ಲವೇ ಡಾಕ್ಟರಮ್ಮನ ವಾದ? ಹಾಗಾದರೆ ಸ್ಕ್ಯಾನ್ ಸರಿಯಿರುವುದು ಏನನ್ನು ತೋರಿಸಿತು? ಇವನು ಈಗಷ್ಟೇ ಮತ್ತೆ ಶುರು ಮಾಡಿದ್ದಾನೆ ಎಂಬುದನ್ನು ತೋರಿಸಿತು. ಅನುಮಾನದ ರೀತಿಯೇ ಹಾಗೆ. ಎದುರು ಸಾಕ್ಷಿ ಬಂದರೆ ಅದಕ್ಕೂ ಒಂದು ಕುರ್ಚಿ ಹಾಕಿ ತನ್ನ ಕಡೆಗೇ ಕೂರಿಸಿಕೊಳ್ಳುತ್ತದೆ.

ಅವನು ಕೆಲಸಕ್ಕೆ ಹೋದ ಮೇಲೆ ಮನೆ ಹುಡುಕಿದಳು. ಅಕ್ಕಿ ಡಬ್ಬ, ಫ್ಲಶ್ ತೊಟ್ಟಿ, ಹಳೆಯ ಬೂಟುಗಳ ಒಳಗು. ಅಪ್ಪನ ಜಾಗಗಳೆಲ್ಲ ಅವಳಿಗೆ ಬಾಯಿಪಾಠ. ತಮ್ಮನ ಚೀಲದಲ್ಲಿ ಒಂದು ಸಣ್ಣ ಬಾಟಲಿ ಸಿಕ್ಕಿತು. ಮುಚ್ಚಳ ತೆಗೆದು ಮೂಸಿದಳು. ತುರಿಕೆಗೆ ಹಚ್ಚುವ ಔಷಧಿ. ಚೀಲದ ತಳದಲ್ಲಿ ಇಲಿಗಳಿಗೆ ಹಾಕುವ ಕಾಳು ಒಂದಿಷ್ಟು. ದಿಂಬಿನ ಕವರಿನ ಮೇಲೆ ಮಸಿಯಂಥ ಕಲೆ ಇತ್ತು, ಅದು ಏನೆಂದು ಹೊಳೆಯಲಿಲ್ಲ. ತಿಳಿಯದ ಕಲೆ ತಿಳಿದ ಬಾಟಲಿಗಿಂತ ಕೆಟ್ಟದ್ದು. ಇನ್ನೂ ಒಂದು ವಿಷಯವನ್ನು ಅವಳು ಗಮನಿಸಿದ್ದಳು. ಗುರುವಾರ ಬಂತೆಂದರೆ ಅವನು ತಡವಾಗಿ ಬರುತ್ತಿದ್ದ, ತಲೆ ಒದ್ದೆಯಾಗಿರುತ್ತಿತ್ತು, ಮೈಯಿಂದ ಮೂಗಿಗೆ ಚುಚ್ಚುವ ಏನೋ ಒಂದು ವಾಸನೆ ಬರುತ್ತಿತ್ತು. ಇಲಿ ನಾತ ಹೋಗಲಿ ಅಂತ ಅಲ್ಲೇ ಸ್ನಾನ ಮಾಡಿ ಬಂದೆ ಎನ್ನುತ್ತಿದ್ದ. ಇಲಿಗಳು ಗುರುವಾರ ಮಾತ್ರ ನಾರುತ್ತವೆಯೇ?

ಗುರುವಾರ ಅವಳು ಅವನ ಹಿಂದೆ ಹೋದಳು.

ಅವನು ಮನೆಯ ದಾರಿ ಬಿಟ್ಟು ಮಾರುಕಟ್ಟೆಯ ಹಿಂದಿನ ಓಣಿಗೆ ಹೊಕ್ಕ. ಓಣಿಯ ಮೂಲೆಯಲ್ಲಿ ಹಸಿರು ಬಾಗಿಲಿನ ಹೆಂಡದಂಗಡಿ ಇತ್ತು. ಅವಳು ಚಪ್ಪಲಿ ಹೊಲಿಯುವವನ ಪೆಟ್ಟಿಗೆಯ ಮರೆಯಲ್ಲಿ ನಿಂತು ನೋಡಿದಳು. ತಮ್ಮ ಮೂಲೆ ತಿರುಗಿದ, ಕಾಣದಾದ. ಅವಳ ಎದೆಯಲ್ಲಿ ನೋವಿನ ಜೊತೆಗೆ ಒಂದು ಬಗೆಯ ಸಮಾಧಾನವೂ ಆಯಿತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಜೀವನವಿಡೀ ಅನುಮಾನ ಪಟ್ಟವರಿಗೆ ಅನುಮಾನ ನಿಜವಾದಾಗ ಹಾಗೆ ಆಗುತ್ತದೆ. ನೇರವಾಗಿ ಹೋಗಿ ಹೆಂಡದಂಗಡಿಯ ಮುಂದೆ ನಿಂತಳು. ಒಳಗೆ ಇಬ್ಬರು ಮುದುಕರಿದ್ದರು, ತಮ್ಮನಿರಲಿಲ್ಲ. ಗಲ್ಲಾಪೆಟ್ಟಿಗೆಯ ಮುಂದಿದ್ದವನು ಇವಳ ನರೆಗೂದಲನ್ನೂ ಇಸ್ತ್ರಿ ಮಾಡಿದ ಬಟ್ಟೆಯನ್ನೂ ನೋಡಿ ಮರ್ಯಾದೆಯಿಂದಲೇ, ಏನು ಕೊಡಲಿ ಅಮ್ಮ, ಕಾಲೋ ಅರ್ಧವೋ, ಎಂದು ವಿಚಾರಿಸಿದ.

ಪಕ್ಕದ ಅಂಗಡಿಗೆ ಗಾಜಿನ ಬಾಗಿಲಿತ್ತು. ಕಟಿಂಗ್ ಶಾಪು. ಕುರ್ಚಿಯ ಮೇಲೆ ಕೊರಳಿಗೆ ಬಿಳಿ ಬಟ್ಟೆ ಸುತ್ತಿಸಿಕೊಂಡು, ತಲೆಯ ತುಂಬ ಕಪ್ಪು ಲೇಪ ಮೆತ್ತಿಸಿಕೊಂಡು, ಹಾಲು ಕುಡಿಯುವ ಬೆಕ್ಕಿನಂತೆ ಕಣ್ಣು ಮುಚ್ಚಿ ತಮ್ಮ ಕೂತಿದ್ದ. ಅವಳು ಬಾಗಿಲು ತಳ್ಳಿ ಒಳಗೆ ಹೋದಳು. ಅದೇ ಚುಚ್ಚುವ ವಾಸನೆ.

"ಅಮ್ಮಾ, ಇದು ಗಂಡಸರ ಕಟಿಂಗ್ ಶಾಪು," ಎಂದ ಕ್ಷೌರಿಕ.

ತಮ್ಮ ಕಣ್ಣು ತೆರೆದ. ಕನ್ನಡಿಯಲ್ಲಿ ಅಕ್ಕನನ್ನು ಕಂಡು, ಕುಂಬಳಕಾಯಿ ಕಳ್ಳನ ಹಾಗೆ ಎರಡೂ ಕೈಯನ್ನು ಬಟ್ಟೆಯ ಕೆಳಗಿಂದ ಎತ್ತಿ ತಲೆ ಮುಚ್ಚಿಕೊಳ್ಳಲು ಹೋಗಿ ಬೆರಳೆಲ್ಲ ಕಪ್ಪು ಮಾಡಿಕೊಂಡ.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ," ಎಂದಳು ಅಕ್ಕ. "ಇದಕ್ಕಾ ವಾರ ವಾರ ಕದ್ದು ಬರೋದು?"

"ಒಂದೇ ಸಲ ಕಪ್ಪಾದ್ರೆ ಇಲಿಮನೆಯವರು ಆಡ್ಕೊಂಡು ನಗ್ತಾರೆ. ಅದಕ್ಕೆ ವಾರಕ್ಕಿಷ್ಟು, ವಾರಕ್ಕಿಷ್ಟು ಅಂತ." ಅವನು ತಗ್ಗಿದ ದನಿಯಲ್ಲಿ ಮುಂದುವರಿಸಿದ: "ರಜಕ್ಕೆ ಅವಳು ಬರ್ತಾಳಲ್ಲ ಅಕ್ಕ. ಬಿಟ್ಟು ಹೋಗುವಾಗ ತಲೆ ಕಪ್ಪಗಿತ್ತು."

"ಬರಲ್ಲ. ತಡಿ ಅಂತ ನಾನೇ ಹೇಳಿದೀನಿ."

ಕ್ಷೌರಿಕನ ಬಾಚಣಿಗೆ ಗಾಳಿಯಲ್ಲೇ ನಿಂತಿತು. ಆಮೇಲೆ ಅವನು ಏನೂ ಕೇಳಿಸದವನಂತೆ ಬಹಳ ಜಾಗರೂಕತೆಯಿಂದ ತಮ್ಮನ ಕಿವಿಯ ಹಿಂದಿನ ಕಲೆ ಒರೆಸತೊಡಗಿದ.

ಮನೆಯಲ್ಲಿ ಅಕ್ಕ ನಿಂತುಕೊಂಡೇ ಎಲ್ಲ ಹೇಳಿದಳು: ನಲವತ್ತೊಂದು, ಅದರ ಬಣ್ಣ, ಅವನ ತುರಿಕೆ, ಅಪ್ಪನ ತುರಿಕೆ. ಹೇಳಬಾರದ್ದನ್ನು ಹೇಳುತ್ತಿದ್ದೇನೆ, ನಿಯಮ ಮುರಿಯುತ್ತಿದ್ದೇನೆ ಎಂಬುದು ಗೊತ್ತಿದ್ದೂ ಹೇಳಿದಳು. ತಮ್ಮ ಸಿಟ್ಟಾಗುತ್ತಾನೆಂದುಕೊಂಡಿದ್ದಳು. ಅವನು ಕುರ್ಚಿಯಲ್ಲಿ ಕುಸಿದು ಕೂತ.

"ಕುಡೀತಿದ್ದಾಗ ಇಲ್ಲ ಅಂತಿದ್ದೆ, ನೀನು ನಂಬ್ತಿರಲಿಲ್ಲ. ಅದು ಸರಿ. ಈಗ ಕುಡೀತಿಲ್ಲ, ಇಲ್ಲ ಅಂತೀನಿ, ಈಗಲೂ ನಂಬಲ್ಲ. ಹಾಗಾದ್ರೆ ನಾನು ಬಿಟ್ಟಿದ್ದು ಯಾಕೆ ಅಕ್ಕ?"

"ನಾನು ನಂಬೋದು ಬಿಡೋದು ಇರಲಿ. ಪ್ಲೇಟು ಸುಳ್ಳು ಹೇಳಲ್ಲ."

"ನನ್ನ ಮೂಸ್ತೀಯ, ಹಾಸಿಗೆ ಮೂಸ್ತೀಯ. ಆ ಪ್ಲೇಟನ್ನ ಒಂದು ಸಲ ಮೂಸಿದೀಯಾ?"

ಅವನು ಎದ್ದು ಒಳಗೆ ಹೋದ. ಅವಳಿಗೆ ಅವಮಾನವೆನ್ನಿಸಿತು. ರಕ್ತ ತೆಗೆದವನನ್ನು ಅನುಮಾನಿಸಿದ್ದಳು, ಸೀಸೆಯನ್ನು, ಚೀಟಿಯನ್ನು, ಬಿಸಿಲನ್ನು, ತಮ್ಮನನ್ನು ಅನುಮಾನಿಸಿದ್ದಳು. ಪ್ರತಿಕಾಯವನ್ನು ಮಾತ್ರ ಬಿಟ್ಟಿದ್ದಳು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎನ್ನುತ್ತಾರೆ. ಹಳದಿ ಇರುವುದು ಲೋಕದಲ್ಲೋ ಕಣ್ಣಿನಲ್ಲೋ ಎಂದು ತಿಳಿಯಲು ಕಣ್ಣನ್ನೂ ಒಮ್ಮೆ ಪರೀಕ್ಷಿಸಬೇಕಲ್ಲವೇ?

ಪರೀಕ್ಷಿಸುವ ಕ್ರಮ ಹಳೆಯದೇ ಇತ್ತು. ಹಾಲಿಗೆ ಅಷ್ಟೇ ನೀರು ಬೆರೆಸಿದರೆ ಹಾಲು ಅರ್ಧಕ್ಕೆ ತೆಳುವಾಗಬೇಕು, ಮತ್ತೆ ಬೆರೆಸಿದರೆ ಮತ್ತೂ ಅರ್ಧ. ರಕ್ತದ ತಿಳಿಯೂ ಹಾಗೆಯೇ. ಮರುದಿನ ಅವಳು ವಾರ್ಡಿನ ರೋಗಿಗಳ ಕೆಲವು ಮಾದರಿಗಳನ್ನೂ ನಲವತ್ತೊಂದನ್ನೂ ಜೊತೆಯಾಗಿಟ್ಟು, ತೆಳುಮಾಡುತ್ತಾ ಅಳೆದಳು. ರೋಗಿಗಳ ಹಳದಿ ಮೆಟ್ಟಿಲಿಳಿದ ಹಾಗೆ ಕ್ರಮವಾಗಿ ಇಳಿಯಿತು. ನಲವತ್ತೊಂದು ಮಾತ್ರ ಮೊಂಡು ಹಿಡಿದು ನಿಂತಿತು. ಎಷ್ಟು ನೀರು ಬೆರೆಸಿದರೂ ಇಳಿಯಬೇಕಾದಷ್ಟು ಇಳಿಯಲಿಲ್ಲ. ನೀರು ಬೆರೆಸಿದರೂ ತೆಳ್ಳಗಾಗದ ಹಾಲನ್ನು ಹಾಲೆಂದು ಯಾರು ನಂಬುತ್ತಾರೆ? ಗುಳಿಯಲ್ಲಿ ಬಣ್ಣ ಹುಟ್ಟಿಸುತ್ತಿರುವುದು ಕಮಟಿದ ಕಣವಲ್ಲ, ಬೇರೇನೋ. ಬೇರೆ ಏನೆಂಬುದು ಅವಳಿಗೆ ತಿಳಿಯಲಿಲ್ಲ.

ಪ್ಲೇಟನ್ನೇ ಹಿಡಿದುಕೊಂಡು ಡಾಕ್ಟರಮ್ಮನ ಕೋಣೆಗೆ ಹೋದಳು. ನಲವತ್ತೊಂದು ನನ್ನ ತಮ್ಮನೆಂದು ನನಗೆ ಗೊತ್ತಾಗಿದೆ, ಮೊದಲು ಅದನ್ನು ಹೇಳಿಬಿಡುತ್ತೇನೆ, ಎಂದಳು. ಡಾಕ್ಟರಮ್ಮ ಅವಳಿಗಿಂತ ಚಿಕ್ಕವಳು, ಆದರೆ ಗದರಿಸಬೇಕಾದಾಗ ವಯಸ್ಸು ನೋಡುವವಳಲ್ಲ, ಚೆನ್ನಾಗಿಯೇ ಗದರಿಸಿದಳು. ಆಮೇಲೆ ಅಂಕಿಗಳನ್ನು ನೋಡಿದಳು. ನೋಡುತ್ತಾ ನೋಡುತ್ತಾ ಅವಳ ಮುಖ ಬದಲಾಯಿತು.

"ನಿಮ್ಮ ತಮ್ಮ ಇಲಿಮನೆಯಲ್ಲಿ ಏನು ಮಾಡ್ತಾರೆ? ಬರೀ ಲೆಕ್ಕ ಬರೀತಾರಾ, ಇಲಿ ಮುಟ್ತಾರಾ?"

"ಗೂಡು ತೊಳೀತಾನೆ. ದಿನಾ ಮುಟ್ತಾನೆ."

"ಕಚ್ಚಿವೆಯಾ?"

"ಬೆರಳೆಲ್ಲ ಕಚ್ಚಿಸ್ಕೊಂಡಿದಾನೆ. ಮುಂಗೈ ತುರಿಕೆ ಬೇರೆ..." ಎನ್ನುತ್ತಿದ್ದಂತೆ ಭೂತಗನ್ನಡಿಯ ಮಾತು ನಿಂತಿತು. ಅವಳಿಗೂ ಅರ್ಥವಾಯಿತು. ಇಬ್ಬರೂ ಪ್ಲೇಟನ್ನು ನೋಡಿದರು.

ಅದು ಹೀಗೆ. ಮನುಷ್ಯನ ಮೈಗೆ ಇಲಿ ಅನ್ಯವಸ್ತು. ಕೆಲವರ ಮೈಗೆ ಅದು ವರ್ಷಗಟ್ಟಲೆ ಕಚ್ಚಿನಿಂದ, ಧೂಳಿನಿಂದ ಒಳಹೊಕ್ಕರೆ ರಕ್ತ ಸುಮ್ಮನಿರುವುದಿಲ್ಲ, ಇಲಿಯದೆಲ್ಲವನ್ನೂ ಹಿಡಿಯುವ ಪ್ರತಿಕಾಯ ಮಾಡಿಕೊಳ್ಳುತ್ತದೆ. ಇಲ್ಲಿ ಗುಳಿಯ ತಳದಲ್ಲಿ ಹಿಡಿಯಲು ಕೂತವನೂ ಇಲಿಯಿಂದ ಬಂದವನು, ಮೇಲೆ ತೋರಿಸಲು ಬಂದವನೂ ಇಲಿಯಿಂದ ಬಂದವನು. ತಮ್ಮನ ರಕ್ತ ಒಂದು ಕೈಯಲ್ಲಿ ಒಬ್ಬನನ್ನೂ ಇನ್ನೊಂದು ಕೈಯಲ್ಲಿ ಇನ್ನೊಬ್ಬನನ್ನೂ ಹಿಡಿದು ಜೊತೆಗೆ ನಿಲ್ಲಿಸಿತ್ತು. ನಡುವೆ ಕಳ್ಳನೇ ಇರಲಿಲ್ಲ, ಆದರೂ ಇಬ್ಬರು ಸಾಕ್ಷಿಗಳೂ 'ಸಿಕ್ಕಿದ, ಸಿಕ್ಕಿದ' ಎಂದು ಕೂಗಿದ್ದರು.

ಊಹೆ ಸಾಲದು, ತೋರಿಸಬೇಕು. ಸಾಮಾನ್ಯ ಇಲಿಯ ರಕ್ತದ ತಿಳಿಯನ್ನು ಮೊದಲೇ ನಲವತ್ತೊಂದಕ್ಕೆ ಬೆರೆಸಿಟ್ಟರೆ, ತಮ್ಮನ ಆ ಪ್ರತಿಕಾಯಗಳಿಗೆಲ್ಲ ಹಿಡಿಯಲು ಬೇಕಾದಷ್ಟು ಸಿಕ್ಕಿ ಕೈ ತುಂಬಿಹೋಗುತ್ತದೆ. ಗುಳಿಯ ತಂಟೆಗೆ ಬರುವುದಿಲ್ಲ. ಡಾಕ್ಟರಮ್ಮ ಇಲಿಮನೆಗೆ ಫೋನ್ ಮಾಡಿ ಹೇಳಿದಳು. ಸ್ವಲ್ಪ ಹೊತ್ತಿನ ಮೇಲೆ ಮಂಜುಗಡ್ಡೆಯ ಡಬ್ಬ ಹಿಡಿದು ಬಂದವನು ತಮ್ಮನೇ. ಅಕ್ಕನ ಮುಖ ನೋಡದೆ ಡಬ್ಬವನ್ನು ಮೇಜಿನ ಮೇಲಿಟ್ಟ. ಕೂದಲು ಕಾಗೆಯ ಹಾಗೆ ಕಪ್ಪಗಿತ್ತು. ನಿನ್ನೆಯ ಗಲಾಟೆಯಲ್ಲಿ ಕ್ಷೌರಿಕ ತೊಳೆಯುವ ಹೊತ್ತು ಮೀರಿಸಿದ್ದ. ಯಾವುದಕ್ಕೆ ತಂದಿದ್ದೇನೆಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಬಣ್ಣ ಇಳಿಯದಿದ್ದರೆ ಏನು ಹೇಳುವುದು?

ಮಧ್ಯಾಹ್ನದ ಮೇಲೆ ಆಮ್ಲದ ಹನಿ ಬಿತ್ತು. ನೀಲಿ ಹೋಯಿತು. ರೋಗಿಗಳ ಗುಳಿಗಳಿಗೂ ಅದೇ ಇಲಿಯ ತಿಳಿ ಬೆರೆಸಿದ್ದರು, ಅವು ಮೊದಲಿನ ಹಾಗೆಯೇ ಗಾಢ ಹಳದಿಯಾದವು. ನಲವತ್ತೊಂದು ಹುಲ್ಲು ತೊಳೆದ ನೀರಾಯಿತು, ಪಕ್ಕದ ಗುಮಾಸ್ತನ ಗುಳಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಭೂತಗನ್ನಡಿ ಅಭ್ಯಾಸಬಲದಿಂದ ಮತ್ತೊಮ್ಮೆ ಮಾಡಿದಳು. ಮತ್ತೆ ಹಾಗೆಯೇ ಬಂತು.

"ಬೆಟ್ಟ ಅಗೆದು ಇಲಿ ಹಿಡಿದ್ವಲ್ಲ," ಎಂದು ಡಾಕ್ಟರಮ್ಮ ನಕ್ಕಳು. ನಗು ಬೇಗ ನಿಂತಿತು. ರಕ್ತ ಕೊಟ್ಟವರನ್ನೆಲ್ಲ ಕುಡಿತದ ಬಗ್ಗೆ ಕೇಳಿದೆವು, ಮಾತ್ರೆಯ ಬಗ್ಗೆ ಕೇಳಿದೆವು, ಏನು ಕೆಲಸ ಮಾಡುತ್ತೀರಿ ಎಂದು ಕೇಳಲೇ ಇಲ್ಲ. ಇನ್ನು ಎಲ್ಲ ಮಾದರಿಗಳಿಗೂ ಇಲಿಯ ತಿಳಿ ಬೆರೆಸಿಯೇ ಅಳೆಯಬೇಕು, ಹಿಂದಿನವನ್ನೂ ಮತ್ತೆ ಮಾಡಬೇಕು, ಎಂದಳು. ಆಮೇಲೆ ಭೂತಗನ್ನಡಿಯನ್ನು ನೇರವಾಗಿ ನೋಡಿದಳು.

"ಒಂದು ಮಾತು ತಿಳ್ಕೊಳ್ಳಿ. ಇದರಿಂದ ಅವರು ಕುಡಿಯಲ್ಲ ಅಂತ ಆಗಲ್ಲ. ಇದು ಕುಡಿತ ಹಿಡಿಯೋ ಟೆಸ್ಟೇ ಅಲ್ಲ. ಮೊದಲೂ ಆಗಿರಲಿಲ್ಲ."

ಅದು ಭೂತಗನ್ನಡಿಗೆ ಗೊತ್ತಿರದ ವಿಷಯವೇನಲ್ಲ. ತಮ್ಮನನ್ನು ಅಪರಾಧಿ ಮಾಡುವಾಗ ಮಾತ್ರ ಮರೆತಿದ್ದಳು.

ಸಂಜೆ ಮನೆಯಲ್ಲಿ ತಮ್ಮನಿಗೆ ನಡೆದದ್ದನ್ನು ಹೇಳಿದಳು. ಕ್ಷಮಿಸು ಎಂಬ ಮಾತು ಅವಳ ಬಾಯಿಗೆ ಹೊಂದುವುದಿಲ್ಲ. ತಪ್ಪು ನಿನ್ನ ರಕ್ತದ್ದಲ್ಲ, ನಿನ್ನ ಇಲಿಗಳದ್ದು, ಎಂದಳು.

"ಇಲಿಗಳದ್ದೂ ಅಲ್ಲ ಅಕ್ಕ," ಎಂದ ಅವನು. ಅಲ್ಲಿಗೆ ಬಿಟ್ಟ.

ತಮ್ಮನ ಮಗಳ ಶಾಲೆಗೆ ರಜೆ ಬಿದ್ದಿತ್ತು. ಭಾನುವಾರ ಅವಳು ಬಸ್ಸು ಹತ್ತಿ ಪಕ್ಕದ ಊರಿಗೆ ಹೋದಳು. ಇದು ಫೋನಿನಲ್ಲಿ ಮುಗಿಸುವ ಮಾತಾಗಿರಲಿಲ್ಲ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಯೋಚಿಸಿದಳು. ಕೈಯಲ್ಲಿ ತೋರಿಸಲು ಏನೂ ಇರಲಿಲ್ಲ. ಪ್ಲೇಟು ತಮ್ಮನ ವಿರುದ್ಧ ಸಾಕ್ಷಿ ಹೇಳುವುದನ್ನು ನಿಲ್ಲಿಸಿತ್ತು, ಪರವಾಗಿಯೂ ಹೇಳುತ್ತಿರಲಿಲ್ಲ. ಉಳಿದದ್ದು ಬರೀ ಅವಳ ಬಾಯಿ. ಅಮ್ಮನ ಹತ್ತಿರವೂ ಅಷ್ಟೇ ಇದ್ದದ್ದು.

ತಮ್ಮನ ಹೆಂಡತಿ ಕಿಟಕಿಯ ಬಳಿ ಯಂತ್ರದ ಮುಂದೆ ಕೂತಿದ್ದಳು. ಅತ್ತಿಗೆಗೆ ಕುರ್ಚಿ ಕೊಟ್ಟಳು, ನೀರು ಕೊಟ್ಟಳು, ಮಗಳನ್ನು ಅಂಗಡಿಗೆ ಕಳುಹಿಸಿದಳು. ಅತ್ತಿಗೆ ಲೋಟವನ್ನು ಬೆಳಕಿಗೆ ಹಿಡಿಯದೆ ಕುಡಿದದ್ದನ್ನು ಗಮನಿಸಿದಳು. ಆಮೇಲೆ ಸುತ್ತುಬಳಸಿಲ್ಲದೆ ಕೇಳಿದಳು.

"ತಡಿ ಅಂದ್ರಲ್ಲ. ಮತ್ತೆ ಕುಡೀತಿದಾರಾ?"

ಭೂತಗನ್ನಡಿ ಪ್ರಶ್ನೆ ಪೂರ್ತಿ ಮುಗಿಯಲು ಬಿಟ್ಟಳು, ಮುಗಿದ ಮೇಲೂ ಸ್ವಲ್ಪ ಹೊತ್ತು ಬಿಟ್ಟಳು.

"ಕುಡೀತಾನೆ ಅಂತ ಅನುಮಾನ ಪಟ್ಟೆ. ಮನೆಯೆಲ್ಲ ಜಾಲಾಡಿದೆ, ಏನೂ ಸಿಗಲಿಲ್ಲ. ಹಿಂದೆ ಹೋದೆ, ಹೆಂಡದಂಗಡಿ ದಾಟಿ ಮುಂದಕ್ಕೆ ಹೋದ. ರಕ್ತದಲ್ಲಿ ಹಿಡಿದೆ ಅಂದ್ಕೊಂಡೆ, ತಪ್ಪು ನನ್ನ ಪ್ಲೇಟಿಂದೇ ಅಂತ ಆಯ್ತು. ನಾಳೆ ಕುಡಿಯಲ್ಲ ಅಂತ ನಾನು ಹೇಳಲ್ಲ, ಅದು ಯಾರ ಕೈಲೂ ಆಗಲ್ಲ. ಇವತ್ತಿನವರೆಗೆ ಇಲ್ಲ. ನಾನು ನಂಬ್ತೀನಿ."

ಕೊನೆಯ ಮಾತು ಹೇಳುವಾಗ ಅವಳ ನಾಲಿಗೆ ಹೊಸ ಚಪ್ಪಲಿ ಹಾಕಿದ ಕಾಲಿನಂತೆ ತಡವರಿಸಿತು. ತಮ್ಮನ ಹೆಂಡತಿ ಬಟ್ಟೆಯಿಂದ ತೂಗುತ್ತಿದ್ದ ದಾರವನ್ನು ಹಲ್ಲಿನಿಂದ ಕಡಿದಳು.

"ಹೆಂಡದಂಗಡಿ ದಾಟಿ ಎಲ್ಲಿಗೆ ಹೋದರು?"

"ಪಕ್ಕದ ಕಟಿಂಗ್ ಶಾಪಿಗೆ. ಕೂದಲಿಗೆ ಬಣ್ಣ ಹಚ್ಚಿಸ್ಕೊಳ್ಳೋಕೆ. ವಾರಾ ವಾರಾ ಹೋಗ್ತಾನೆ."

"ಬಣ್ಣ?" ಅವಳ ಕಣ್ಣು ಕಿರಿದಾಯಿತು. "ಯಾರಿಗೋಸ್ಕರ?"

ಆ ನೋಟ ಭೂತಗನ್ನಡಿಗೆ ಪರಿಚಿತವಾಗಿತ್ತು. ದಿನವೂ ಬೆಳಿಗ್ಗೆ ತಲೆ ಬಾಚಿಕೊಳ್ಳುವಾಗ ಎದುರಿಗೆ ಕಾಣುತ್ತಿದ್ದ ನೋಟ ಅದು.

"ಬಂದು ನೀನೇ ಕೇಳು," ಎಂದಳು.

ತಮ್ಮನ ಹೆಂಡತಿ ಎದ್ದು ಕಪಾಟಿನ ಮೇಲಿಂದ ಪೆಟ್ಟಿಗೆ ಇಳಿಸಿದಳು. ಮಗಳು ಬರುವ ಹೊತ್ತಿಗೆ ಅರ್ಧ ತುಂಬಿಯಾಗಿತ್ತು. ಎಲ್ಲ ಮುಗಿಸಿ, ಮುಚ್ಚಳ ಒತ್ತಿ, ಬೀಗ ಹಾಕಿ, ಒಮ್ಮೆ ಎಳೆದು ನೋಡಿದಳು. ಭೂತಗನ್ನಡಿ ಸುಮ್ಮನಿರಲು ಪ್ರಯತ್ನಿಸಿದಳು. ಬಾಗಿಲವರೆಗೆ ಹೋದವಳು ಹಿಂದಿರುಗಿ ಬಂದು, ತಾನೂ ಒಮ್ಮೆ ಎಳೆದು ನೋಡಿದಳು.